ವೆಬ್‌ಸೈಟಿನ ಒಳಮೈ

ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮ ಡೆಸ್ಕುಗಳಿಗೆ ಮೇಲೆತ್ತುವ ಮುಚ್ಚಳವಿತ್ತು. ಸಿಸ್ಟರ್ ಯಾವತ್ತು ತಪಾಸಣೆಗೆ ಬರುತ್ತಾರೆಂದು ಹೇಳುತ್ತಿರಲಿಲ್ಲ. ಪಾಠದ ನಡುವೆ ಸದ್ದಿಲ್ಲದೆ ಹಿಂದಿನಿಂದ ಬಂದು ಮುಚ್ಚಳ ಎತ್ತಿಬಿಡುತ್ತಿದ್ದರು. ಮೇಲ್ಗಡೆ ಎಷ್ಟೇ ಒರೆಸಿ ಹೊಳೆಯಿಸಿಟ್ಟರೂ ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಒಳಗೆ ದೊಡ್ಡ ಪುಸ್ತಕದ ಮೇಲೆ ಚಿಕ್ಕದು, ಅಂಚಿಗೆ ಅಂಚು ಕೂಡಿಸಿ ಇಟ್ಟಿರಬೇಕು. ಒಂದು ಸಲ ನನ್ನ ಡೆಸ್ಕಿನಲ್ಲಿ ಅರ್ಧ ತಿಂದ ಸೀಬೆಹಣ್ಣು ಸಿಕ್ಕಿ, ಇಡೀ ಮಧ್ಯಾಹ್ನ ಆ ಎತ್ತಿದ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ಆ ಶಿಸ್ತು ಮುಂದೆ ಬೊಂಬಾಯಿಗೆ ಬಂದು ಟೈಪಿಸ್ಟ್ ಆದಾಗ ಉಪಯೋಗಕ್ಕೆ ಬಂತು. ರಿಟೈರ್ ಆದಮೇಲೆ ಇನ್ನೂ ಹೆಚ್ಚು. ಅಂಧೇರಿಯಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ಪಕ್ಕ ಕೂತು ವೆಬ್‌ಸೈಟ್ ಬರೆಯುವುದನ್ನು ಕಲಿತೆ. ಪರದೆಯ ಮೇಲೆ ನಾವು ನೋಡುವ ಪ್ರತಿ ಪೇಜಿನ ಹಿಂದೆಯೂ ಅದನ್ನು ಕಟ್ಟಿದ ಬರಹವೊಂದಿರುತ್ತದೆ, ಸೋರ್ಸ್ ಕೋಡ್. ಮೌಸಿನ ಬಲಗುಂಡಿ ಒತ್ತಿದರೆ ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ನನಗೆ ತಕ್ಷಣ ಡೆಸ್ಕಿನ ಮುಚ್ಚಳ ನೆನಪಾಯಿತು. ಸಾಲು ಬಿಟ್ಟು ಬರೆದರೂ ಒಂದೇ ಉಸಿರಿನಲ್ಲಿ ಸಾಲಿಲ್ಲದೆ ಬರೆದರೂ ಮೆಷೀನಿಗೆ ಒಂದೇ, ಅಷ್ಟು ಅಂದಗೊಳಿಸಿ ಏನು ಮಾಡುತ್ತೀರಿ ಎಂದು ಕಲಿಸುವವನು ನಗುತ್ತಿದ್ದ. ಮೆಷೀನಿಗೆ ಒಂದೇ ಇರಬಹುದು. ಸಿಸ್ಟರ್ ಬಂದರೆ?

ಮಾಟುಂಗದ ನಮ್ಮ ಕನ್ನಡ ಸಂಘದ ವೆಬ್‌ಸೈಟನ್ನು ನಾನು ಬರೆದದ್ದು ಹೀಗೆ, ಕೈಯಿಂದ, ಒಂದೊಂದೇ ಅಕ್ಷರ. ಒಂದರೊಳಗೆ ಒಂದು ಸೇರುವ ಭಾಗಗಳನ್ನು ನಾಲ್ಕು ನಾಲ್ಕು ಸ್ಪೇಸ್ ಒಳಕ್ಕೆ ಸರಿಸಿ, ಮೆಟ್ಟಿಲಿನ ಹಾಗೆ ಇಳಿಸುತ್ತಿದ್ದೆ. ನಡುನಡುವೆ ಕಾಮೆಂಟ್ ಬರೆಯುತ್ತಿದ್ದೆ. ಕಾಮೆಂಟ್ ಅಂದರೆ ಕೋಡಿನೊಳಗೆ ಮಾತ್ರ ಇದ್ದು, ಪೇಜಿನಲ್ಲಿ ಕಾಣಿಸದ ಟಿಪ್ಪಣಿ. 'ಇಲ್ಲಿಂದ ಯುಗಾದಿ ಫೋಟೋ ಶುರು. ಹೊಸವು ಬಂದರೆ ಮೇಲ್ಗಡೆ ಸೇರಿಸಿ.' 'ಈ ಭಾಗ ಮುಟ್ಟಬೇಡಿ, ಮುಟ್ಟಿದರೆ ಕೆಳಗಿನದೆಲ್ಲ ಜಾರುತ್ತದೆ.' ನನ್ನ ನಂತರ ಯಾರೋ ಬರುತ್ತಾರಲ್ಲ, ಅವರು ತಡವರಿಸಬಾರದು ಎಂದು.

ಪ್ರತಿ ಗುರುವಾರ ಮಧ್ಯಾಹ್ನ ದಾದರಿನಲ್ಲಿ ಲೋಕಲ್ ಟ್ರೇನಿನ ಲೈನ್ ಬದಲಿಸಿ ಮಾಟುಂಗಕ್ಕೆ ಹೋಗುತ್ತಿದ್ದೆ. ಆಂಟಾಪ್ ಹಿಲ್‌ನಿಂದ ನನ್ನ ಗೆಳತಿ ಬರುತ್ತಿದ್ದಳು. ಧಾರವಾಡದವಳು, ಆಫೀಸಿನ ಟೈಪಿಂಗ್ ಪೂಲಿನಲ್ಲಿ ನನ್ನ ಪಕ್ಕದ ಮೆಷೀನು ಅವಳದು. ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಅಂದಿನಿಂದ ಇಂದಿನವರೆಗೂ ನಾನು ಅವಳಿಗೆ ಅಕ್ಕಾರ. ಸಂಘದ ಲೈಬ್ರರಿಯಲ್ಲಿ ಅವಳು ವರದಿಗಳನ್ನು ಓದಿ ಹೇಳುವುದು, ನಾನು ಟೈಪ್ ಮಾಡುವುದು. ತೀರಿಕೊಂಡ ಸದಸ್ಯರಿಗಾಗಿ ಒಂದು ಶ್ರದ್ಧಾಂಜಲಿ ಪೇಜ್ ಇತ್ತು. ಅವಳ ಯಜಮಾನರು ಹೋದ ಮೇಲೆ ಅವರ ಹೆಸರನ್ನೂ ಅಲ್ಲಿ ಸೇರಿಸುವ ದಿನ ಬಂತು. ಹೆಸರು, ಊರು, ಕೆಲಸ ಎಲ್ಲ ಆದಮೇಲೂ ಅವಳು ಏಳಲಿಲ್ಲ.

"ಅಕ್ಕಾರ, ಆ ಒಳಗಿನ ಸಾಲ ಬರೀತೀರಲ್ಲ, ಹಂಗ ಇವರ ಹೆಸರಿನ ಬಾಜೂಕ ಒಂದ ಮಾತ ಬರೀರಿ. ಮಂದಿಗೆ ಕಾಣಬಾರದು. ಆದ್ರ ಇರಬೇಕು."

ಅವಳು ಹೇಳಿದಂತೆಯೇ ಬರೆದೆ. 'ಇವರು ಛಲೋ ಹಾಡ್ತಿದ್ರು. ನನಗಷ್ಟ ಗೊತ್ತಿತ್ತು.' ಎಂಟು ಸ್ಪೇಸ್ ಒಳಗೆ, ಹೆಸರಿನ ಕೆಳಗೆ ನೇರವಾಗಿ. ಆ ಸಾಲನ್ನು ಬಲ್ಲವರು ನಾವಿಬ್ಬರೇ.

ಹೋದ ವರ್ಷ ನನ್ನ ಕ್ಯಾಟರಾಕ್ಟ್ ಆಪರೇಷನ್ ಆಯಿತು. ಆ ದಿನಗಳಲ್ಲಿ ಅವಸರಕ್ಕೆ ಬೇಕಾದೀತೆಂದು ಸೈಟಿನ ಪಾಸ್‌ವರ್ಡನ್ನು ಅವಳ ಡೈರಿಯಲ್ಲಿ ನಾನೇ ಬರೆದುಕೊಟ್ಟೆ. ಅಷ್ಟರಲ್ಲಿ ಅವಳು ಸಂಘದ ಜಾಯಿಂಟ್ ಸೆಕ್ರೆಟರಿ ಆಗಿದ್ದಳು. ಹೊಸ ಕಮಿಟಿಗೆ ಹೊಸ ವೆಬ್‌ಸೈಟ್ ಬೇಕಿತ್ತು. ಈಗಿನದು ಸರ್ಕಾರಿ ನೋಟೀಸಿನ ಹಾಗಿದೆ ಎಂದು ಯಾರೋ ನಕ್ಕಿದ್ದರಂತೆ. ಮುಖ ಬದಲಾಗಲಿ, ನನ್ನ ಅಡ್ಡಿಯಿರಲಿಲ್ಲ. ನಾನು ಕೇಳಿದ್ದು ಒಂದೇ: ಒಳಗಿನ ಬರಹ ಮನುಷ್ಯರು ಓದುವ ಹಾಗೆ ಉಳಿಯಲಿ, ಟಿಪ್ಪಣಿಗಳನ್ನು ಅಳಿಸಬೇಡಿ. ಭಾನುವಾರದ ಮೀಟಿಂಗಿನಲ್ಲಿ ಇದನ್ನು ನನ್ನ ಪರವಾಗಿ ಎತ್ತಬೇಕೆಂದು ಅವಳಿಗೆ ಫೋನಿನಲ್ಲಿ ಎರಡು ಸಲ ಹೇಳಿದೆ. ಎರಡು ಸಲವೂ ಅದೇ ಉತ್ತರ: "ನಾ ಅದೀನಲ್ರೀ."

ಮೀಟಿಂಗಿಗೆ ಒಬ್ಬ ಹುಡುಗಿಯೂ ಬಂದಿದ್ದಳು, ಹೊಸ ಸೈಟ್ ಮಾಡುವ ಕಂಪನಿಯವಳು. ನಮ್ಮವರ ಮಗಳೇ, ಇಲ್ಲೇ ಹುಟ್ಟಿ ಬೆಳೆದವಳು. ಸ್ಪೇಸು, ಟಿಪ್ಪಣಿ ಎಲ್ಲ ಸೈಟಿಗೆ ಸುಮ್ಮನೆ ಭಾರ, ಫೋನಿನಲ್ಲಿ ತೆರೆಯಲು ತಡವಾಗುತ್ತದೆ, ಈಗ ಎಲ್ಲವನ್ನೂ ಒತ್ತಿ ಒಂದೇ ಸಾಲು ಮಾಡುತ್ತಾರೆ ಎಂದು ಅವಳು ವಿವರಿಸಿದಳು. ಒಪ್ಪವಾದ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡು, ಜನರಿಗೆ ಒತ್ತಿದ ಪ್ರತಿ ಕಳಿಸುವುದು ರೂಢಿಯಂತೆ. ಅದು ನನಗೂ ಸರಿಯೆನಿಸಿತು. ಹಾಗಾದರೆ ಆ ಒಪ್ಪವಾದ ಪ್ರತಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ಹುಡುಗಿ ಕಮಿಟಿಯ ಕಡೆ ನೋಡಿದಳು. ಕಮಿಟಿ ನನ್ನ ಗೆಳತಿಯ ಕಡೆ ನೋಡಿತು. ನಾನೂ ನೋಡಿದೆ.

"ಡೆಸ್ಕಿನ ಮುಚ್ಚಳಾ ಈಗ ಯಾರ ತಗದ ನೋಡ್ತಾರ್ರೀ?" ಎಂದಳು ಅವಳು, ನನಗಲ್ಲ, ಅಧ್ಯಕ್ಷರಿಗೆ. "ಅಕ್ಕಾರ ಕಣ್ಣಿಗೂ ತ್ರಾಸ. ಆರಾಮ ಇರ್ಲಿ ಅವರು."

ಮುಚ್ಚಳದ ಮಾತು ಅರ್ಥವಾಗದಿದ್ದರೂ ಎಲ್ಲರೂ ನಕ್ಕರು, ಪ್ರೀತಿಯಿಂದಲೇ. ಆ ಡೆಸ್ಕಿನ ಕಥೆ ನಾನು ಅವಳಿಗೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಹೇಳಿದ್ದು. ಆ ಸೀಬೆಹಣ್ಣಿನ ಸಮೇತ. ಬೇರೆ ಯಾರಿಗೂ ಹೇಳಿರಲಿಲ್ಲ. ಹೊಸ ಸೈಟಿನ ಪರ ಕೈ ಎತ್ತಿ ಮತ ಹಾಕಿದಾಗ ಅವಳ ಬಳೆಗಳು ಮೊಣಕೈಗೆ ಜಾರಿದವು. ನನ್ನ ಕೈ ಮಡಿಲಲ್ಲೇ ಇತ್ತು.

ಅಷ್ಟರಲ್ಲಿ ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿದಳು. ಹೊಸ ಸೈಟ್ ಆಗಲೇ ಸಿದ್ಧವಾಗಿ ನಿಂತಿತ್ತು. ಪೇಜುಗಳು, ಫೋಟೋಗಳು, ಯುಗಾದಿ, ಶ್ರದ್ಧಾಂಜಲಿ, ಎಲ್ಲವೂ. ನಾನು ಬೆರಗಾದದ್ದನ್ನು ಅವಳು ಮೆಚ್ಚುಗೆಯೆಂದುಕೊಂಡಿರಬೇಕು, ಪಾಪ.

"ಆಂಟಿ, ನಿಮ್ದು ಕೋಡ್ ಇಷ್ಟು ಕ್ಲೀನ್ ಇತ್ತು ನಾ, ಎಲ್ಲಾ ಬರ್ದಿತ್ತು ಎಲ್ಲಿ ಏನು ಇದೆ ಅಂತ. ಒಂದೇ ದಿನದಲ್ಲಿ ಹೋ ಗಯಾ. ಬೇರೆಯವರದ್ದು ಆದ್ರೆ ಒನ್ ಮಂತ್. ಆ ಆಂಟಿ ಲಾಸ್ಟ್ ಮಂತೇ ಪಾಸ್‌ವರ್ಡ್ ಕೊಟ್ಟಿದ್ರು."

ಆ ಆಂಟಿ, ನನ್ನ ಗೆಳತಿ, ತನ್ನ ಪರ್ಸಿನಲ್ಲಿ ಏನೋ ಹುಡುಕುತ್ತಿದ್ದಳು.

ವಾಪಸ್ಸು ಬರುವಾಗ ದಾದರಿನ ಸೇತುವೆಯ ಮೇಲೆ ದಿನಗಳನ್ನು ಲೆಕ್ಕ ಹಾಕಿದೆ. ಪಾಸ್‌ವರ್ಡ್ ಕೊಟ್ಟದ್ದನ್ನು ನನ್ನಿಂದ ಮುಚ್ಚಿಟ್ಟು, ಒಂದು ತಿಂಗಳು ಗುರುವಾರ ಗುರುವಾರ ನನ್ನ ಎದುರಿಗೇ ಕೂತು ವರದಿ ಓದಿದಳಲ್ಲ. ಮುಗಿದುಹೋದ ಸೈಟಿಗೆ ನಾನು ಒಪ್ಪವಾಗಿ ಸಾಲು ಕೂಡಿಸುತ್ತಿದ್ದೆ, ಅವಳು ನೋಡುತ್ತಿದ್ದಳು. ಇನ್ನೊಂದು ಯೋಚನೆ ಅದಕ್ಕಿಂತ ಚುಚ್ಚಿತು. ಅಡ್ಡಾದಿಡ್ಡಿ ಬರೆದಿದ್ದರೆ ಪ್ರತಿಯೊಂದಕ್ಕೂ ನನ್ನನ್ನೇ ಕೇಳಬೇಕಾಗುತ್ತಿತ್ತು. ನನ್ನ ನಂತರ ಬರುವವರಿಗೆಂದು ವರ್ಷಗಟ್ಟಲೆ ಬರೆದೆ. ಆ ಹುಡುಗಿ ಬಂದಳು. ಅವಳಿಗೆ ನನ್ನ ಬರಹ ಬೇಕಾದದ್ದು ಒಂದೇ ದಿನ.

ಹೊಸ ಸೈಟ್ ಶುರುವಾದ ಮೇಲೆ ಒಮ್ಮೆ ಅದರ ಸೋರ್ಸ್ ತೆರೆದೆ. ಒಂದೇ ಸಾಲು, ಬಲಕ್ಕೆ ಸರಿಸಿದಷ್ಟೂ ಮುಗಿಯದು. 'ಛಲೋ' ಎಂದು ಹುಡುಕಿದೆ. ಸಿಗಲಿಲ್ಲ. ಹುಡುಕುವ ಮೊದಲೇ ಗೊತ್ತಿತ್ತು.

ನಮ್ಮ ಗುರುವಾರಗಳು ನಿಂತವು. ಅವಳ ಯಜಮಾನರ ವರ್ಷಾಂತಿಕದ ಹಿಂದಿನ ವಾರ ಅವಳ ಫೋನ್ ಬಂತು. ಕಣ್ಣು ಹೇಗಿದೆ ಎಂದು ವಿಚಾರಿಸಿದಳು. ಚೆನ್ನಾಗಿ ಕಾಣುತ್ತಿದೆ ಎಂದೆ. ಆಮೇಲೆ, "ಇವರ ಹೆಸರಿನ ಬಾಜೂಕ ಬರದಿದ್ರಲ್ಲ, ಅದ ಅಲ್ಲೆ ಅದ ಏನ್ರೀ?" ಎಂದಳು. ನಿಜವಾಗಿಯೂ ಅವಳಿಗೆ ತಿಳಿದಿರಲಿಲ್ಲ. ಕೈ ಎತ್ತಿದಾಗ ತಾನು ಅಳಿಸುತ್ತಿರುವುದು ನನ್ನ ಸಾಲುಗಳನ್ನು ಮಾತ್ರ ಎಂದುಕೊಂಡಿದ್ದಳು.

ಅಲ್ಲಿಲ್ಲ, ಹಳೆಯ ಪ್ರತಿ ನನ್ನ ಪೆನ್ ಡ್ರೈವಿನಲ್ಲಿದೆ ಎಂದೆ. ಓದಿ ಹೇಳಿ ಎಂದಳು. ನಾನು ಓದಲಿಲ್ಲ. ಬೇಕಿದ್ದರೆ ಬಂದು ನೋಡು ಎಂದೆ. ನನ್ನ ದನಿ ಸಿಸ್ಟರ್ ದನಿಯಂತಿತ್ತು.

ಗುರುವಾರ ಅಂಧೇರಿಗೆ ಬಂದಳು. ನಾನು ಫೈಲ್ ತೆರೆದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಎಲ್ಲಿದೆ ಎಂದು ತೋರಿಸಬೇಕಾಗಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಅವಳ ಬೆರಳು ತಾನಾಗಿಯೇ ಆ ಸಾಲಿಗೆ ಹೋಗಿ ನಿಂತಿತು. ಬಹಳ ಹೊತ್ತು ನೋಡಿದಳು.

"ಇದನ್ನ ಮತ್ತ ಅಲ್ಲೆ ಹಾಕಲಿಕ್ಕೆ ಬರ್ತದೇನ್ರೀ, ಅಕ್ಕಾರ?"

"ಪಾಸ್‌ವರ್ಡ್ ನಿನ್ನ ಹತ್ತಿರವೇ ಇದೆಯಲ್ಲ," ಎಂದೆ.

"ಬದಲಿ ಮಾಡ್ಯಾರ್ರೀ," ಎಂದಳು ತಲೆ ಎತ್ತದೆ. "ನನಗೂ ಕೊಟ್ಟಿಲ್ಲ."

ಅವಳು ನೋಡಿ ಮುಗಿಸುವವರೆಗೆ ಪರದೆಯನ್ನು ನೇರವಾಗಿ ಹಿಡಿದು ಕೂತೆ. ಅವಳು ಎದ್ದ ಮೇಲೆ ಮುಚ್ಚಿದೆ.