ಹೊಳೆಯಾಚೆಯ ಹೆಸರುಗಳು ಮತ್ತು ನಮ್ಮ ನೋಂದಣಿಯಮ್ಮ

ಚುನಾವಣೆಯೆಂಬ ಮಹಾಕಾರ್ಯ ಮುಗಿದ ಮೇಲೆ ಗೆದ್ದವರಿಗೆ ಹಾರ ಬೀಳುತ್ತದೆ, ಸೋತವರಿಗೆ ಸಮಾಧಾನ ಸಿಗುತ್ತದೆ, ನಡೆಸಿಕೊಟ್ಟವರ ಪಾಲಿಗೆ ಬೈಗುಳ ಉಳಿಯುತ್ತದೆ. ಅದರಲ್ಲೂ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವವರನ್ನು ಜನ ನೆನೆಯುವುದು ಪಟ್ಟಿಯಲ್ಲಿ ತಮ್ಮ ಹೆಸರು ಕಾಣದ ದಿನ ಮಾತ್ರ, ಅದೂ ಬಾಯಿಗೆ ಬಂದಂತೆ. ಇಂಥ ಕೃತಜ್ಞತೆಯಿಲ್ಲದ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ನೋಂದಣಾಧಿಕಾರಿಗಳನ್ನು ಇಲಾಖೆಯ ಕಾಗದಗಳು ಯಾವ ಪದನಾಮದಿಂದಲಾದರೂ ಕರೆಯಲಿ, ಹೊಳೆಯಾಚೆಯ ಜನ 'ನೋಂದಣಿಯಮ್ಮ' ಎಂದರು, ಅದೇ ನಿಂತಿತು. ಅವರ ಪಕ್ಕದ ಮೇಜಿನಲ್ಲಿ ತಲೆಗೂದಲು ನರೆಸಿಕೊಂಡ ನಮ್ಮನ್ನು ಈ ಪತ್ರಿಕೆಯ ಸಂಪಾದಕರು ಒಂದು ಲೇಖನ ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ಇಂಥ ಲೇಖನವನ್ನು ಸಂತೋಷದಿಂದ ಬರೆಯಬೇಕು. ನಾವು ಇದನ್ನು ಹೆದರುತ್ತಲೇ ಬರೆಯುತ್ತಿದ್ದೇವೆ, ಮತ್ತು ಆ ಹೆದರಿಕೆ ಅವರಿಂದಲೇ ಕಲಿತದ್ದು.

ನೋಂದಣಿಯಮ್ಮನವರು ಹುಟ್ಟಿದ್ದು ಹೊಳೆಯಾಚೆಯಲ್ಲಿ. ಸೇತುವೆ ದಾಟಿದರೆ ಸಿಗುವ ಆ ನಾಲ್ಕಾರು ಓಣಿಗಳ ಜನ ಸಂಖ್ಯೆಯಲ್ಲಿ ಕಡಿಮೆ. ಅವರ ಮನೆಮಾತು ಬೇರೆ, ಪ್ರಾರ್ಥನೆ ಬೇರೆ. ಅವರ ಅಜ್ಜಂದಿರ ಕಾಲದಲ್ಲಿ ಯಾರೋ ಸರ್ಕಾರದವರು ನಗುನಗುತ್ತಾ ಬಂದು ಮನೆಮನೆಯ ಹೆಸರು ಬರೆದುಕೊಂಡು ಹೋದರಂತೆ. ಕೆಲವು ದಿನಗಳ ಮೇಲೆ ಬೇರೆಯವರು ಬಂದರಂತೆ, ಅವರಿಗೆ ಯಾವ ಬಾಗಿಲು ಯಾರದೆಂದು ಮೊದಲೇ ಗೊತ್ತಿತ್ತಂತೆ. ಅಂದಿನಿಂದ ಆ ಓಣಿಗಳಲ್ಲಿ ಒಂದು ರೂಢಿ ಬೇರೂರಿತು. ಅಪರಿಚಿತರು ಹೆಸರು ಕೇಳಿದರೆ ಪಕ್ಕದ ಮನೆಯವರ ಹೆಸರು ಹೇಳುವುದು! ಅಕ್ಷರ ಕಲಿಯುವುದಕ್ಕೆ ಮುಂಚೆಯೇ ಮಕ್ಕಳು ಇದನ್ನು ಕಲಿಯುತ್ತಿದ್ದರು. ನಮ್ಮ ನೋಂದಣಿಯಮ್ಮ ಶಾಲೆಗೆ ಸೇರಿದ ದಿನ ಮೇಷ್ಟ್ರಿಗೆ ಪಕ್ಕದ ಮನೆಯ ಹುಡುಗಿಯ ಹೆಸರು ಹೇಳಿ, ಆ ಹುಡುಗಿ ಇವರ ಹೆಸರು ಹೇಳಿ, ಇಬ್ಬರೂ ವರ್ಷವಿಡೀ ಒಬ್ಬರ ಏಟು ಇನ್ನೊಬ್ಬರು ತಿಂದರೆಂದು ನಗುತ್ತಾ ಹೇಳುತ್ತಿದ್ದರು.

ಇಂಥ ಓಣಿಯ ಮಗಳು ಹೆಸರು ಬರೆದುಕೊಳ್ಳುವ ಕೆಲಸಕ್ಕೇ ಸೇರಿದ್ದು ಅವರ ತಾಯಿಗೆ ಬಹುಕಾಲ ನುಂಗಲಾರದ ತುತ್ತಾಗಿತ್ತು. ಕಚೇರಿಗೆ ಬಂದ ಹೊಸದರಲ್ಲಿ ಅವರು ಮಾಡಿದ ಮೊದಲ ಸುಧಾರಣೆ ಕೌಂಟರನ್ನು ತಿರುಗಿಸಿ ಇರಿಸಿದ್ದು. ಅದುವರೆಗೆ ಅರ್ಜಿದಾರರು ಬಾಗಿಲಿಗೆ ಬೆನ್ನು ಹಾಕಿ ನಿಲ್ಲಬೇಕಿತ್ತು. "ಬೆನ್ನ ಹಿಂದೆ ಯಾರ್ ಬಂದ್ರು ಅಂತ ಕಾಣದಿದ್ರೆ ನಮ್ಮ ಜನಕ್ಕೆ ಮಾತೇ ಹೊರಡಲ್ಲ ಸಾರ್" ಎಂದು ಅಂದಿನ ಮೇಲಧಿಕಾರಿಗಳಿಗೆ ಹೇಳಿ, ಅವರು ಹೂಂ ಎನ್ನುವಷ್ಟರಲ್ಲಿ ನಮ್ಮಿಂದಲೇ ಮೇಜು ಎತ್ತಿಸಿದರು. ನಮ್ಮ ಬೆನ್ನಿನ ನೋವಿಗೆ ಅದೇ ಪ್ರಾರಂಭ; ಆದರೆ ನಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದ ಆ ಕೆಟ್ಟ ಮಳೆಗಾಲದಲ್ಲಿ ನಮ್ಮ ಮೇಜಿನ ಕೆಲಸವನ್ನೂ ತಾವೇ ಮುಗಿಸಿ, ಒಂದು ದಿನವೂ ಅದನ್ನು ಆಡಿ ತೋರಿಸದವರ ಮೇಲೆ ಬೆನ್ನುನೋವಿನ ದೂರು ಹೇಳುವುದು ಹೇಗೆ? ಕಣ್ಣು ಕಾಣದ ಮುದುಕರಿಗೆ ತಮ್ಮ ಕನ್ನಡಕವನ್ನೇ ತೆಗೆದುಕೊಟ್ಟು, ಅವರು ಓದಿ ಮುಗಿಸುವವರೆಗೆ ತಾವು ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದ್ದ ಅವರ ಚಿತ್ರ ಈಗಲೂ ಕಣ್ಣ ಮುಂದಿದೆ.

ಆದರೂ ಹೊಳೆಯಾಚೆಯಿಂದ ಬರುತ್ತಿದ್ದವರು ಬೆರಳೆಣಿಕೆಯಷ್ಟೇ. ಒಳ್ಳೆಯ ಅಭ್ಯರ್ಥಿಗಳು ನಿಂತರು, ಸಜ್ಜನರು ನಿಂತರು, ಶಾಲೆ ಕಟ್ಟಿಸುತ್ತೇನೆಂದವರು ನಿಂತರು. ಓಣಿಯವರು ಕಿಟಕಿಯಿಂದ ನೋಡಿ ಕದ ಹಾಕಿಕೊಂಡರು. ಅವರನ್ನು ಹೊರಗೆಳೆದವನು ಬೀಗದವನು.

ಬೀಗದವನೆಂದರೆ ತನ್ನ ಸಭೆಗಳಿಗೆಲ್ಲ ತಲೆಗಾತ್ರದ ಒಂದು ಬೀಗವನ್ನು ತಂದು, "ಗೆದ್ದ ಮರುದಿನವೇ ಇದನ್ನು ಸೇತುವೆಗೆ ಹಾಕುತ್ತೇನೆ" ಎಂದು ಎತ್ತಿ ತೋರಿಸುತ್ತಿದ್ದ ಅಭ್ಯರ್ಥಿ. ಅವನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವನ ಪಕ್ಷದವರೇ ವೇದಿಕೆಯ ಮೇಲೆ ಮುಖ ಆಚೆ ತಿರುಗಿಸಿ ಕೂರುತ್ತಿದ್ದರು. ಎದುರಾಳಿಯಾದರೂ ಸರಿಯಿದ್ದನೇ? ಸಭೆಯಲ್ಲೇ ತೂಕಡಿಸುವ ಮಹಾನುಭಾವ. ಹೀಗಿದ್ದೂ ಬೀಗದವನ ಮೊದಲ ಸಭೆಯ ಮಾರನೆಯ ಬೆಳಿಗ್ಗೆ ನಮ್ಮ ಕಚೇರಿಯ ಮೆಟ್ಟಿಲಿನ ಮೇಲೆ ಹೊಳೆಯಾಚೆಯ ಇಸ್ತ್ರಿಯವನು ಹೆಂಡತಿ, ಅಣ್ಣ, ಅತ್ತಿಗೆಯರೊಂದಿಗೆ ನಿಂತಿದ್ದ. ತೂಕಡಿಸುವವನ ಮೇಲೆ ಅಷ್ಟು ಪ್ರೀತಿಯೇ ಎಂದು ನಾವು ತಮಾಷೆ ಮಾಡಿದೆವು.

"ಇವನ ಮುಖ ಯಾರಿಗ್ ಬೇಕು ಸಾರ್?" ಎಂದ ಇಸ್ತ್ರಿಯವನು. "ಇವನು ಬೇಕು ಅಂತ ಬಂದಿಲ್ಲ. ಅವನು ಬೇಡ ಅಂತ ಬಂದಿದೀವಿ."

ನಮಗೆ ನಗು ಬಂತು. ನೋಂದಣಿಯಮ್ಮ ನಗಲಿಲ್ಲ. ಆ ವಾರದ ವರದಿಯಲ್ಲಿ ಅವರು ಬರೆದ ಮಾತು ಇಲಾಖೆಯಲ್ಲಿ ಬಹುಕಾಲ ಓಡಾಡಿತು: "ಒಳ್ಳೆಯ ಅಭ್ಯರ್ಥಿ ಜನರನ್ನು ಮೈದಾನಕ್ಕೆ ತರುತ್ತಾನೆ; ಹೆದರಿಸುವ ಅಭ್ಯರ್ಥಿ ಕೌಂಟರಿಗೆ ತರುತ್ತಾನೆ. ಹೀಗೆ ಬಂದವರನ್ನು ನಾವು ಎರಡು ಪಟ್ಟು ಜೋಪಾನವಾಗಿ ನೋಡಿಕೊಳ್ಳಬೇಕು." ಮೇಲಿನವರು ಮಾತ್ರ ಇದೆಲ್ಲ 'ಮತ ಹಾಕಿ' ಎಂಬ ತಮ್ಮ ಗೋಡೆಚಿತ್ರಗಳ ಪ್ರಭಾವವೆಂದು ಬೀಗಿದರು.

ನೂಕುನುಗ್ಗಲು ಹೆಚ್ಚಿದಾಗ ಇಸ್ತ್ರಿ ಅಂಗಡಿಯಲ್ಲೇ ಮೇಜು ಹಾಕಿ ನೋಂದಣಿ ಮಾಡುವುದೆಂದಾಯಿತು. ಸ್ವಂತ ಓಣಿಗೆ ತಾವೇ ಹೋದರೆ ಪಕ್ಷಪಾತವೆಂದಾರೆಂಬ ಅಂಜಿಕೆಯಿಂದ ನೋಂದಣಿಯಮ್ಮ ಈಚೆ ದಡದ ಇಬ್ಬರು ಗುಮಾಸ್ತರನ್ನು ಕಳಿಸಿದರು. ಪಾಪ, ಒಳ್ಳೆಯವರು, ನಗುನಗುತ್ತಾ ಹೆಸರು ಕೇಳಿದರು. ಕರಡು ಪಟ್ಟಿಗೆ ಬಾಯಿಮಾತು, ಪಕ್ಕದ ಮನೆಯವರ ಸಾಕ್ಷಿ ಇಷ್ಟಿದ್ದರೆ ಸಾಕಾಗಿತ್ತು. ಅಚ್ಚಾದ ಕರಡು ಕೈಗೆ ಬಂದ ದಿನ ನೋಂದಣಿಯಮ್ಮ ತಮ್ಮ ತಾಯಿಯ ಮನೆಯ ಪುಟ ತೆರೆದರು. ತಾಯಿಯ ವಿಳಾಸದೆದುರು ಪಕ್ಕದ ಮನೆಯ ಸೂಲಗಿತ್ತಿಯ ಹೆಸರಿತ್ತು, ಸೂಲಗಿತ್ತಿಯ ವಿಳಾಸದೆದುರು ತಾಯಿಯ ಹೆಸರು. ಮುಂದಿನ ಮನೆ, ಅದರ ಮುಂದಿನ ಮನೆ, ಮುಂದಿನ ಓಣಿ... ಎಲ್ಲವೂ ಅದಲುಬದಲು! ನಗು ಉಕ್ಕಿ ಬಂದು ಪಟ್ಟಿಯನ್ನು ನಮ್ಮ ಮೇಜಿನತ್ತ ತಳ್ಳಿದರು. ತಳ್ಳಿದ ಕೈ ಅಲ್ಲೇ ನಿಂತಿತು. ಅವರ ಮುಖದ ರಕ್ತ ಇಳಿದು ಹೋದದ್ದನ್ನು ನಾವು ಕಂಡೆವು.

ಸುಳ್ಳು ಹೆಸರು ಬರೆಸುವುದು ಅಪರಾಧ. ವಾರದೊಳಗೆ ಬೀಗದವನ ಕಡೆಯವರು ಕರಡಿನ ಪ್ರತಿ ಒಯ್ದು, ತಾಳೆ ನೋಡಿ, ಹೊಳೆಯಾಚೆಯ ಪಟ್ಟಿಯನ್ನೇ ರದ್ದುಪಡಿಸಿ, ಬರೆಸಿದವರ ಮೇಲೆ ಮೊಕದ್ದಮೆ ಹೂಡಬೇಕೆಂದು ಆಕ್ಷೇಪಣೆ ಸಲ್ಲಿಸಿಯೂ ಆಗಿತ್ತು. ಉಳಿದದ್ದು ಒಂದೇ ದಾರಿ. ಪ್ರತಿಯೊಬ್ಬರೂ ಸೇತುವೆ ದಾಟಿ ಬಂದು, ವಿಚಾರಣಾಧಿಕಾರಿಗಳ ಎದುರು ತಮ್ಮ ನಿಜವಾದ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅಭ್ಯರ್ಥಿಗಳ ಏಜೆಂಟರು ಅದೇ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳಲು ಕಾನೂನಿನ ಅವಕಾಶವಿತ್ತು. ಯಾರ ಕಿವಿಗೆ ಬೀಳಬಾರದೆಂದು ಮೂರು ತಲೆಮಾರು ಹೆಸರು ಮುಚ್ಚಿಟ್ಟಿದ್ದರೋ, ಅವರ ಕಿವಿಗೇ ಹೇಳಬೇಕಿತ್ತು.

ಆಕ್ಷೇಪಣೆ ಬಂದ ಸಂಜೆ ನೋಂದಣಿಯಮ್ಮ ತಾಯಿಯ ಮನೆಗೆ ಹೋದರು. ಒಳಗೆ ಸೂಲಗಿತ್ತಿಯೂ ಇದ್ದಳು. ಅಲ್ಲಿ ನಡೆದದ್ದನ್ನು ಅವರು ನಮಗೆ ಬಹಳ ವರ್ಷಗಳ ಮೇಲೆ ಹೇಳಿದರು.

"ಅವನು ಗೆದ್ದ ಅಂತಿಟ್ಕೋ," ಎಂದರಂತೆ ತಾಯಿ. "ಯಾವ ಮನೇಲಿ ಯಾರಿದಾರೆ ಅಂತ ಸರಿಯಾಗಿ ಬರ್ಕೊಟ್ಟಿರೋದು ಯಾರು? ನನ್ನ ಮಗಳು. ಆಮೇಲೆ ಏನ್ ಮಾಡ್ತೀಯ?"

"ಗೊತ್ತಿಲ್ಲಮ್ಮ."

"ಏನೂ ಆಗಲ್ಲ ಅಂತಾದ್ರೂ ಹೇಳೇ!"

"ಹೇಗೆ ಹೇಳ್ಲಿ? ನಂಗೂ ಹೆದರಿಕೆನೇ. ನೀವು ಬರದಿದ್ರೆ ಅವನು ಗೆಲ್ತಾನೆ. ಬಂದ್ರೂ ಗೆಲ್ಲಬಹುದು. ನಂಗೆ ಗೊತ್ತಿರೋದು ಇಷ್ಟೇ."

ಸಾಹಸದ ಮಾತುಗಳನ್ನು ಆಡಿ ಜನರನ್ನು ಹುರಿದುಂಬಿಸುವುದು ಸುಲಭ. ತನ್ನ ಹೆದರಿಕೆಯನ್ನು ಹೆತ್ತವಳೆದುರು ಹಾಗೇ ತೆಗೆದಿಟ್ಟು, ಆಮೇಲೂ 'ಬಾ' ಎನ್ನುವುದು ಎಲ್ಲರಿಂದ ಆಗುವ ಕೆಲಸವಲ್ಲ. ಮನೆಮನೆಗೂ ಹೋಗಿ ಅವರು ಹೇಳಿದ್ದು ಅದನ್ನೇ.

ವಿಚಾರಣೆಯ ದಿನ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ವಿಚಾರಣಾಧಿಕಾರಿ, ಪಟ್ಟಿ ಓದಲು ನೋಂದಣಿಯಮ್ಮ, ಅವರ ಪಕ್ಕದಲ್ಲಿ ನಾವು, ಗೋಡೆಯ ಪಕ್ಕ ಬೀಗದವನ ಏಜೆಂಟ. ಬಂದವರ ಮುಖಕ್ಕೆ ಹಿಡಿಯಲು ಅವನ ಕೈಯಲ್ಲಿ ಮೊಬೈಲು ಸಿದ್ಧವಾಗಿತ್ತು. ಬೆಳಗಿನ ಹೊತ್ತು ಯಾರೂ ಬರಲಿಲ್ಲ. ಏಜೆಂಟ ಕಾಲಮೇಲೆ ಕಾಲು ಹಾಕಿಕೊಂಡ. ನೋಂದಣಿಯಮ್ಮನವರ ಲೋಟದ ನೀರು ಎರಡು ಸಲ ಖಾಲಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡವರು ಅವರ ತಾಯಿ; ಹಿಂದೆ ಸೂಲಗಿತ್ತಿ; ಅವರ ಹಿಂದೆ, ಮೆಟ್ಟಿಲಿಳಿದು ಬೀದಿಯ ತುದಿಯವರೆಗೆ, ಇಡೀ ಹೊಳೆಯಾಚೆ.

"ನಿಮ್ಮ ಹೆಸರು?" ಎಂದರು ವಿಚಾರಣಾಧಿಕಾರಿ.

ತಾಯಿ ಮಗಳ ಮುಖ ನೋಡಿದರು. ಮಗಳು ತುಟಿ ಅಲ್ಲಾಡಿಸುವಂತಿರಲಿಲ್ಲ. ಅಲ್ಲಾಡಿಸಿದರೆ ಎಲ್ಲವೂ ಹೋಯಿತು. ಏಜೆಂಟ ಮೊಬೈಲು ಎತ್ತಿದ. ಮುದುಕಿಯ ಬಾಯಿಂದ ಹೊರಟದ್ದು ಸೂಲಗಿತ್ತಿಯ ಹೆಸರು!

ಅಯ್ಯೋ, ಜನ್ಮದ ಅಭ್ಯಾಸ! "ನೋಡಿ ಸಾರ್, ನಿಮ್ಮೆದುರಿಗೇ ಸುಳ್ಳು!" ಎಂದು ಏಜೆಂಟ ಎದ್ದು ನಿಂತ. ಅಧಿಕಾರಿಯ ಕೆಂಪು ಪೆನ್ನು ಕಾಗದದ ಮೇಲೆ ಬಂತು.

"ಏ, ಅದು ನನ್ ಹೆಸ್ರು!" ಎಂದು ಹಿಂದಿನಿಂದ ಸೂಲಗಿತ್ತಿ ಗದರಿದಳು. "ಕೊಡೇ ಇತ್ಲಾಗೆ. ಇಷ್ಟ್ ವರ್ಷ ಇಟ್ಕೊಂಡಿದ್ದು ಸಾಕು. ನಿಂದು ನೀನು ಹೇಳು." ಮುಂದೆ ಬಂದು ಏಜೆಂಟನ ಮೊಬೈಲಿಗೇ ಮುಖ ಕೊಟ್ಟು ತನ್ನ ಹೆಸರನ್ನು ತಾನೇ ಹೇಳಿದಳು. ಅದು ಹೆರಿಗೆಮನೆಯಲ್ಲಿ ಗಂಡಸರನ್ನು ಆಚೆ ಅಟ್ಟುವ ದನಿ. ಆಮೇಲೆ ತಾಯಿ, ಹುಟ್ಟಿದಾಗಿನಿಂದ ಹೊರಗಿನವರ ಎದುರು ಒಮ್ಮೆಯೂ ಆಡದ ತಮ್ಮ ಹೆಸರನ್ನು ಮೆಲ್ಲಗೆ ಹೇಳಿದರು. ನೋಂದಣಿಯಮ್ಮ ಬರೆದುಕೊಂಡರು.

ವಿಚಾರಣಾಧಿಕಾರಿಗಳು ಪೆನ್ನಿಗೆ ಮುಚ್ಚಳ ಹಾಕಿ, "ಅಕ್ಕಪಕ್ಕದ ಮನೆಯವರನ್ನು ಜೋಡಿಯಾಗಿ ಕಳಿಸಿ" ಎಂದರು. ಸಂಜೆಯವರೆಗೂ ಜನ ಇಬ್ಬಿಬ್ಬರಾಗಿ ಬಂದು, ಒಬ್ಬರಿಂದೊಬ್ಬರು ಹೆಸರು ಬಿಡಿಸಿಕೊಂಡು ಹೋದರು. ಮೊಕದ್ದಮೆಯ ಮಾತು ಅಲ್ಲಿಗೇ ಬಿದ್ದುಹೋಯಿತು. ತಾಯಿ ಮೆಟ್ಟಿಲಿನ ಮೇಲೆ ಕುಸಿದು ಕೂತಿದ್ದರು. ನೀರು ಕೊಟ್ಟ ಮಗಳಿಗೆ ಅವರು ಹೇಳಿದ್ದು ಒಂದೇ ಮಾತು: "ಇನ್ಮೇಲೆ ಅವನಿಗೆ ನಾನ್ಯಾರು ಅಂತ ಗೊತ್ತು."

ಬೀಗದವನು ಸೋತ. ಆ ಸಲ ಹೊಳೆಯಾಚೆ ಆದಷ್ಟು ಶೇಕಡಾವಾರು ಮತದಾನ ಈಚೆ ದಡದ ಯಾವ ಬಡಾವಣೆಯಲ್ಲೂ ಆಗಿರಲಿಲ್ಲ. ಅಧಿಕ ಮತದಾನಕ್ಕಾಗಿ ಇಲಾಖೆ ಫಲಕ ಕೊಡಲು ಬಂದಾಗ ನೋಂದಣಿಯಮ್ಮ, "ಜ್ವರ ಏರಿತು ಅಂತ ಥರ್ಮಾಮೀಟರಿಗೆ ಬಹುಮಾನ ಕೊಡ್ತೀರಾ ಸಾರ್?" ಎಂದು ಕೈಮುಗಿದರು. ಎಣಿಕೆ ಕೇಂದ್ರದಿಂದ ಹೊರಡುವಾಗ ಬೀಗದವನು ಅವರ ಮೇಜಿನ ಬಳಿ ನಿಂತು, ಸೋತವನ ಮುಖವೇ ಅಲ್ಲದ ಮುಖದಲ್ಲಿ, "ಪಟ್ಟಿ ಬಹಳ ಅಚ್ಚುಕಟ್ಟಾಗಿದೆ ಮೇಡಂ. ನನ್ನ ಹತ್ರಾನೂ ಒಂದು ಪ್ರತಿ ಇದೆ" ಎಂದಿದ್ದ. ಆ ಮಾತು ಅವರನ್ನು ಇಂದಿಗೂ ಬಿಟ್ಟಿಲ್ಲ. ಆಮೇಲಿನ ಚುನಾವಣೆಗಳಲ್ಲಿ ಸಾಧು ಸ್ವಭಾವದವರು ನಿಂತಾಗ ಹೊಳೆಯಾಚೆಯ ಮತದಾನ ಇಳಿಯುತ್ತಿತ್ತು. ಇಳಿದ ಅಂಕಿ ನೋಡಿ ನಮ್ಮ ಇಲಾಖೆಯಲ್ಲಿ ನಿಟ್ಟುಸಿರು ಬಿಟ್ಟು ನೆಮ್ಮದಿಪಟ್ಟವರು ಅವರೊಬ್ಬರೇ.

ಈ ವರ್ಷ ಆ ಅಂಕಿ ಇಳಿಯುವ ಸೂಚನೆಯಿಲ್ಲ. ಬೀಗದವನು ಮತ್ತೆ ನಾಮಪತ್ರ ಸಲ್ಲಿಸಿದ್ದಾನೆ. ಈಗ ಅವನ ವೇದಿಕೆಯ ಮೇಲೆ ಯಾರೂ ಮುಖ ತಿರುಗಿಸಿ ಕೂರುವುದಿಲ್ಲ. ನಮ್ಮ ಕೌಂಟರಿನ ಮುಂದೆ ಸಾಲು ಬೀದಿಗೆ ಬಂದಿದೆ. ಇಂಥ ಹೊತ್ತಿನಲ್ಲಿ ಇವರು ನಿವೃತ್ತರಾಗುತ್ತಿದ್ದಾರೆ. ಅವರ ಕುರ್ಚಿಗೆ ಯಾರು ಬರುವರೋ, ಯಾರ ಮಾತು ಕೇಳುವವರೋ ನಮಗೆ ತಿಳಿಯದು. ಹೆದರಿಕೆಯಾಗುತ್ತದೆ ಎಂದು ಬರೆಯಲು ನಮಗೆ ನಾಚಿಕೆಯಿಲ್ಲ.

ಕಳೆದ ವಾರ ನೋಂದಣಿಯಮ್ಮ ತಮ್ಮ ಕುರ್ಚಿ ಬಿಟ್ಟೆದ್ದು ಆ ಸಾಲಿನ ಕೊನೆಯಲ್ಲಿ ಹೋಗಿ ನಿಂತರು. ಸರದಿ ಬಂದಾಗ ನಮ್ಮ ಮುಂದೆ ವಿಳಾಸ ಬದಲಾವಣೆಯ ಅರ್ಜಿ ಇಟ್ಟರು. ಈಚೆ ದಡದ ಸರ್ಕಾರಿ ವಸತಿಗೃಹದಿಂದ ಹೊಳೆಯಾಚೆಯ ತಾಯಿಯ ಮನೆಗೆ. ತಾಯಿ ತೀರಿಕೊಂಡ ಮೇಲೆ ಬೀಗ ಹಾಕಿದ್ದ ಆ ಮನೆಗೆ ಸುಣ್ಣ ಹೊಡೆಸಿದ್ದಾರಂತೆ. "ಈಗ ಬೇಡ ಮೇಡಂ, ಚುನಾವಣೆ ಕಳೀಲಿ" ಎಂದೆವು. "ನಾನು ಬರೆದ ಪಟ್ಟಿ. ನಾನು ಅದರಲ್ಲಿ ಇರಬೇಡ್ವಾ? ನಿಯಮದ ಪ್ರಕಾರ ಕೇಳಿ" ಎಂದರು. ಕೇಳಿದೆವು. ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ತಮ್ಮ ಹೆಸರು ಹೇಳಿದರು. ನಾವು ಬರೆದುಕೊಂಡೆವು.

ನಿವೃತ್ತರಿಗೆ ದೀರ್ಘಾಯುಷ್ಯ ಕೋರುವುದು ಇಂಥ ಲೇಖನಗಳ ಮರ್ಯಾದೆ. ಆ ಕೋರಿಕೆಯನ್ನು ನಾವು ಇಂದು ಮರ್ಯಾದೆಗಾಗಿ ಬರೆಯುತ್ತಿಲ್ಲ, ಅಂಗಲಾಚಿ ಬರೆಯುತ್ತಿದ್ದೇವೆ. ಹೊಸ ಗುಮಾಸ್ತರಿಗೆ ಪಾಠ ಹೇಳುತ್ತಾ, ಹೆದರಿದವರ ಪಕ್ಕದಲ್ಲಿ ನಿಲ್ಲುವ ಕೆಲಸವನ್ನು ಸಂಬಳವಿಲ್ಲದೆಯೂ ಮುಂದುವರಿಸುತ್ತಾ ನೋಂದಣಿಯಮ್ಮನವರು ನೂರ್ಕಾಲ ಬಾಳಲಿ. ಆ ಹೆಸರಿನಲ್ಲಿಯೇ, ಆ ವಿಳಾಸದಲ್ಲಿಯೇ ಬಾಳಲಿ.