ಮಸಿ ಮೇಲಾದ ಗಾಜು

ಕೊರೊನಾ ಮುಗಿದು, ನಿಂತುಹೋಗಿದ್ದ ಮದುವೆಗಳೆಲ್ಲ ಒಂದೇ ಬೇಸಿಗೆಯಲ್ಲಿ ಮುಗಿಬಿದ್ದ ಕಾಲ ಅದು. ನಾನಾಗ ಹೊಸದುರ್ಗ ತಾಲ್ಲೂಕಿನ ಒಂದು ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಅದಕ್ಕೂ ಮುಂಚೆ ಹಿರಿಯೂರಿನಲ್ಲಿ ಹೈವೇ ಲಾರಿಗಳ ಟಾರ್ಪಾಲ್ ಹರಿದು ಮಾಲು ಕದಿಯುವವರನ್ನು ಅಟ್ಟಿದ್ದೆ, ಹೊಳಲ್ಕೆರೆಯಲ್ಲಿ ಅಡಿಕೆ ಮೂಟೆ ಕಳ್ಳರ ಹಿಂದೆ ಅಲೆದಿದ್ದೆ. ಕಳ್ಳರ ವಿಷಯದಲ್ಲಿ ನನಗೆ ಹೊಸದೇನೂ ಉಳಿದಿಲ್ಲ ಅನ್ನುವ ಧಿಮಾಕು ಚೂರು ಇತ್ತು. ಆ ಬೇಸಿಗೆ ಅದನ್ನು ಇಳಿಸಿತು.

ಬಾಗೂರು ಕಡೆಯ ಒಂದು ಹಳ್ಳಿಯಿಂದ ದೂರು ಬಂತು. ಗಂಗಮ್ಮ ಎಂಬ ಹೆಂಗಸಿನ ಅವಲಕ್ಕಿ ಸರ ಮತ್ತು ಓಲೆ ಹೋಗಿವೆ. ಮನೆಯವರೆಲ್ಲ ಅದೇ ಬೀದಿಯ ಮದುವೆಗೆಂದು ಹೊಸದುರ್ಗದ ಕಲ್ಯಾಣ ಮಂಟಪಕ್ಕೆ ಹೋಗಿದ್ದರು. ತಿರುಗಿ ಬಂದಾಗ ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತು, ಹಿತ್ತಲ ಬಾಗಿಲ ಅಗುಳಿ ಒಳಗಿನಿಂದ ಬಿಗಿಯಾಗಿತ್ತು, ಕಿಟಕಿಯ ಸರಳು ಒಂದೂ ಅಲುಗಿರಲಿಲ್ಲ. ಒಳಕೋಣೆಯ ಟ್ರಂಕು ಮಾತ್ರ ಬಾಯಿ ತೆರೆದು ಕೂತಿತ್ತು.

ನಾನು ಹೋಗುವಷ್ಟರಲ್ಲಿ ಗಂಗಮ್ಮನ ಮಗ ತಿಪ್ಪೇಸ್ವಾಮಿ ಬಾಗಿಲಿಗೆ ಹೊಸ ಗ್ರಿಲ್ ಹಾಕಿಸಿದ್ದ, ಬಾಗಿಲ ಮೇಲ್ಗಡೆ ಸಿಸಿಟಿವಿ ಕ್ಯಾಮೆರಾ ಕೂರಿಸಿದ್ದ. ಎದುರುಮನೆಯವರು ನಾಯಿ ತಂದು ಕಟ್ಟಿದ್ದರು. ಇಡೀ ಬೀದಿ ತನ್ನ ಬಾಗಿಲುಗಳನ್ನು ಭದ್ರ ಮಾಡಿಕೊಳ್ಳುತ್ತಿತ್ತು. ಆದರೆ ಕಳ್ಳರು ಯಾರು ಅಂತ ಆ ಮನೆಯವರು ಆಗಲೇ ತೀರ್ಮಾನ ಮಾಡಿ ಆಗಿತ್ತು.

“ಬೀಗ ಒಡ್ದಿಲ್ಲ ಅಂದ್ಮ್ಯಾಲೆ ಒಳಗಿನೋರೇ ಅಲ್ವ ಮೇಡಮ್ಮಾರೆ?” ಅಂದಳು ಗಂಗಮ್ಮ. ಹೇಳುವಾಗ ಅಡುಗೆ ಒಲೆಯ ಕಡೆ ನೋಡಿದಳು. ಅಲ್ಲಿ ಸೊಸೆ ಶೋಭಾ ತಲೆ ಬಗ್ಗಿಸಿ ರೊಟ್ಟಿ ತಟ್ಟುತ್ತಿದ್ದಳು. ಮದುವೆಯ ದಿನ ಎಮ್ಮೆಗೆ ಹುಲ್ಲು ಹಾಕಿ ಕೊನೆಗೆ ಹೊರಟವಳು ಅವಳು. ಬೀಗ ಹಾಕಿದವಳೂ ಅವಳೇ, ಬೀಗದ ಕೈ ಇದ್ದದ್ದೂ ಅವಳ ಸೊಂಟದಲ್ಲೇ. ಈಗ ಆ ಗೊಂಚಲು ಗಂಗಮ್ಮನ ಸೊಂಟಕ್ಕೆ ಹೋಗಿತ್ತು.

ಬರುವ ಸೋಮವಾರ ಮನೆದೇವರ ಮುಂದೆ ಶೋಭಾ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಬೇಕು ಅಂತ ಹಿರಿಯರು ಹೇಳಿದ್ದರು. ಇದು ಈ ಕಡೆ ದೊಡ್ಡ ಮಾತು. ಊರ ಮುಂದೆ ಒಂದು ಸಲ ಕರ್ಪೂರದ ಮುಂದೆ ನಿಂತ ಹೆಣ್ಣಿನ ಹೆಸರು ಮತ್ತೆ ನೆಟ್ಟಗಾಗುವುದಿಲ್ಲ, ಸತ್ಯ ಹೇಳಿದ್ದರೂ ಅಷ್ಟೇ. ಆಣೆ ಮುಗಿದ ಮೇಲೆ ತವರಿಗೆ ಕಳಿಸುವುದೂ ಖಾತ್ರಿಯಾಗಿತ್ತು. ಆಣೆ ಮುಂದಕ್ಕೆ ಹಾಕಿ ಅಂದೆ. “ದೇವರ ದಿನ ಗೊತ್ತಾಗೈತೆ, ಅದ್ಕೆ ನೀವು ಬರಬ್ಯಾಡ್ರಿ” ಅಂದಳು ಗಂಗಮ್ಮ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಬೈದು ಏನು ಪ್ರಯೋಜನ? ಕಳ್ಳ ಬೇಕಿತ್ತು, ಅದೂ ಸೋಮವಾರದೊಳಗೆ.

ಪಂಚರ ಎದುರಿಗೆ ಸ್ಥಳ ನೋಡಿ ಬರೆಯುವುದಕ್ಕೆ ನಾವು ಮಹಜರು ಅನ್ನುತ್ತೇವೆ. ಅದನ್ನು ನನ್ನ ಹೆಡ್ ಕಾನ್‌ಸ್ಟೇಬಲ್ ಮಹಬೂಬ್ ಸಾಬ್ ಬರೆಯುತ್ತಿದ್ದರು. ನಾನು ಸುಮ್ಮನೆ ನಡುಮನೆಯಲ್ಲಿ ನಿಂತಿದ್ದೆ. ಹಳೆಯ ಮಾಳಿಗೆ ಮನೆ ಅದು, ತೊಲೆಯ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಸೂರು. ಇಂಥ ಮನೆಗಳಿಗೆ ಬೆಳಕು ಬರುವುದು ಸೂರಿನಲ್ಲಿ ಬಿಟ್ಟ ಬೆಳಕಿಂಡಿಯಿಂದ. ಮಳೆ ಬೀಳದಿರಲೆಂದು ಅದರ ಮೇಲೆ ದಪ್ಪ ಗಾಜು ಮುಚ್ಚಿರುತ್ತಾರೆ. ಅಲ್ಲಿಂದ ಬಿದ್ದ ಬಿಸಿಲಿನ ಚೌಕದಲ್ಲಿ ನಾನು ನಿಂತಿದ್ದೆ. ತಲೆ ಎತ್ತಿ ನೋಡಿದೆ. ಗಾಜಿನ ಒಳಮೈ ಮೇಲೆ ಎಲೆಗಳ ತುಣುಕು, ಒಣಗಿದ ಮಳೆಹನಿಯ ಕಲೆ, ಒಂದು ಹಕ್ಕಿಯ ಹಿಕ್ಕೆ.

ಮನೆಯ ಒಳಗಡೆಗೆ ಹಕ್ಕಿ ಹಿಕ್ಕೆ ಹಾಕುವುದು ಹೇಗೆ?

ಶೋಭಾಳನ್ನು ಕರೆದು ಕೇಳಿದೆ. “ಬೆಳಕಿಂಡಿ ಗಾಜು ತೊಳೆದಿದ್ಯೇನಮ್ಮ?”

“ಇಲ್ಲ ಮೇಡಮ್ಮಾರೆ. ನಾನು ಈ ಮನೆಗೆ ಬಂದಾಗ್ನಿಂದ ಯಾರೂ ಮುಟ್ಟಿಲ್ಲ. ಒಳಗ್ಲಿಂದ ಬರೀ ಮಸಿ ಹಿಡ್ದಿತ್ತು.” ಹೇಳುತ್ತಲೇ ಅವಳೂ ಮೇಲೆ ನೋಡಿದಳು. ಕೈಯ ಹಿಟ್ಟು ಹಾಗೇ ಇತ್ತು, ತೆರೆದ ಬಾಯಿ ಮುಚ್ಚಲಿಲ್ಲ.

ಹಿತ್ತಲ ಏಣಿ ಹತ್ತಿ ಮಾಳಿಗೆಗೆ ಹೋದೆ. ನನ್ನ ಮೈತೂಕಕ್ಕೆ ಆ ಏಣಿ ಕಿರುಗುಟ್ಟಿದ್ದು ನನಗೆ ಇವತ್ತಿಗೂ ನೆನಪಿದೆ. ಗಾಜಿನ ಮೂಲೆಯ ಮೇಲೆ ಬೆರಳೆಳೆದೆ, ಬೆರಳು ಕಪ್ಪಾಯಿತು. ಸೌದೆ ಒಲೆಯ ಮಸಿ ಆಕಾಶ ನೋಡುತ್ತಿತ್ತು! ಯಾರೋ ಗಾಜು ಎತ್ತಿ ಇಳಿದು, ಮೇಲೆ ಬಂದು ಅವಸರದಲ್ಲಿ ತಿರುವುಮುರುವು ಮುಚ್ಚಿ ಹೋಗಿದ್ದಾರೆ. ಎಷ್ಟು ಖುಷಿಯಾಯಿತೆಂದರೆ ಆ ಬಿಸಿಲಲ್ಲಿ ಅಲ್ಲೇ ಕುಣಿಯಬೇಕು ಅನ್ನಿಸಿತು. ಸೂರು ಬಿದ್ದೀತೆಂದು ಸುಮ್ಮನಾದೆ.

ಈ ಹಳ್ಳಿಗಳ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಮನೆ ಹತ್ತಿದರೆ ಸಾಲಿನ ಕೊನೆಯ ಮನೆವರೆಗೂ ನಡೆದು ಹೋಗಬಹುದು. ಮೆಣಸಿನಕಾಯಿ ಒಣಗುವುದು, ಸಂಡಿಗೆ ಇಡುವುದು, ಹೆಂಗಸರು ಹೇನು ನೋಡಿಕೊಳ್ಳುವುದು ಎಲ್ಲ ಅಲ್ಲೇ. ಹಾಗಾಗಿ ಮೇಲೆ ಹೆಜ್ಜೆ ಸದ್ದಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಗಿಲಿಗೆ ಬಂದವನು ಹೊರಗಿನವನು, ಮಾಳಿಗೆ ಮೇಲೆ ಇರುವವರು ನಮ್ಮವರು, ಅಷ್ಟೇ ಅವರ ಲೆಕ್ಕ. ಗ್ರಿಲ್ಲು, ಕ್ಯಾಮೆರಾ, ನಾಯಿ ಎಲ್ಲ ಬೀದಿ ಕಡೆಗೆ ಮುಖ ಮಾಡಿದ್ದವು.

ಪಕ್ಕದ ಮನೆಯ ರುದ್ರಮ್ಮನನ್ನು ವಿಚಾರಿಸಿದೆ. ಮಂಡಿ ನೋವೆಂದು ಅವತ್ತು ಮದುವೆಗೆ ಹೋಗದೆ ಮನೆಯಲ್ಲೇ ಇದ್ದವಳು ಅವಳು.

“ಮಾಳಿಗೆ ಮ್ಯಾಲೆ ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ಲ ಕಣ್ರಿ. ಒಂದು ನರಪಿಳ್ಳೆ ಬಂದಿಲ್ಲ.” ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದು ಸೇರಿಸಿದಳು. “ಸೀರಿಯಲ್ ಸೆಟ್ನೋನು ಬಂದಿದ್ದ, ಲೈಟು ಬಿಚ್ಚಾಕೆ.”

ಸೀರಿಯಲ್ ಸೆಟ್ ಅಂದರೆ ಮದುವೆ ಮನೆಗೆ ಇಳಿಬಿಡುವ ಬಣ್ಣದ ದೀಪದ ಸರಗಳು. ಅವನ್ನು ಕಟ್ಟಲು ಬರುವವನು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತಾನೆ. ಯಾವ ಬೆಳಕಿಂಡಿ ದೊಡ್ಡದು, ಯಾವ ಗಾಜು ಸಡಿಲ, ಯಾವ ದಿನ ಎಷ್ಟೊತ್ತಿಗೆ ಧಾರೆ, ಎಲ್ಲ ಅವನಿಗೆ ಗೊತ್ತು. ಹೆಗಲ ಮೇಲೆ ವೈರಿನ ಜೊತೆ ಹಗ್ಗ ಇದ್ದರೂ ಯಾರೂ ಯಾಕೆ ಅನ್ನುವುದಿಲ್ಲ. ಬೀಗ ಒಡೆಯದ ಇಂಥದ್ದೇ ಕಳ್ಳತನದ ದೂರು ಇನ್ನೂ ಎರಡು ಹಳ್ಳಿಗಳಿಂದ ನಮ್ಮಲ್ಲಿತ್ತು. ಮಹಬೂಬ್ ಸಾಬ್ ಫೋನ್ ಹಚ್ಚಿದರು. ಎರಡೂ ಕಡೆ ಅವತ್ತು ಬೀದಿಯಲ್ಲಿ ಮದುವೆ, ಎರಡೂ ಕಡೆ ದೀಪ ಕಟ್ಟಿದವನು ಒಬ್ಬನೇ. ಬೇರೆ ಊರಿನ ಅಂಗಡಿಯೊಂದರಲ್ಲಿ ಕೂಲಿಗಿದ್ದ ನಲವತ್ತರ ಆಸಾಮಿ. ಇನ್ನೂ ಎರಡು ಮನೆಗಳಲ್ಲಿ ಮನೆಯವರನ್ನೇ ಮನೆಯವರು ಅನುಮಾನದಿಂದ ನೋಡುತ್ತಿದ್ದರು ಅನ್ನುವುದೂ ಆಗಲೇ ತಿಳಿದದ್ದು.

“ಹೋಗಾಣ ನಡೀರಿ ಮೇಡಂ, ಎಳ್ಕೊಂಬರಾಣ” ಅಂದರು ಸಾಬರು.

ಬೇಡ ಅಂದೆ. ಸುಳಿವು ಸಿಕ್ಕರೆ ಚಿನ್ನ ಎಲ್ಲಾದರೂ ಹೂತುಬಿಡುತ್ತಾನೆ, ಶೋಭಾ ಕರ್ಪೂರದ ಮುಂದೆ ನಿಲ್ಲುವುದು ತಪ್ಪುವುದಿಲ್ಲ. ಕೆಲಸದ ಮೇಲೆಯೇ ಹಿಡಿಯಬೇಕು. ಭಾನುವಾರ ಅದೇ ಸಾಲಿನ ಇನ್ನೊಂದು ಮನೆಯ ಮದುವೆ ಇತ್ತು, ದೀಪ ಕಟ್ಟಿದವನೂ ಅವನೇ. ರುದ್ರಮ್ಮ ಅಂದು ಮಂಡಿನೋವು ಮರೆತು ಮದುವೆಗೆ ಹೋಗಬೇಕು, ಅವಳ ಮನೆಯಲ್ಲಿ ನಾವು ಕೂರಬೇಕು, ಅವಳ ಬೆಳಕಿಂಡಿ ಸಡಿಲವಾಗಿರಬೇಕು. ಇದು ನಮ್ಮ ಉಪಾಯ. ರುದ್ರಮ್ಮನ ಬಾಯಿಗೆ ಬೀಗ ಹಾಕುವುದೇ ನನಗೆ ದೊಡ್ಡ ತಲೆನೋವಾಗಿತ್ತು. ಆದರೆ ಪುಣ್ಯಾತ್ಗಿತ್ತಿ ಗುಟ್ಟು ಕಾಪಾಡಿದಳು. ಗಂಗಮ್ಮನ ಮನೆಯ ಗಾಜನ್ನು ಇದ್ದ ಹಾಗೇ ಬಿಟ್ಟೆ, ಅದರ ಮಸಿಯಲ್ಲಿ ಬೆರಳ ಗುರುತಿತ್ತು. ಸುದ್ದಿ ಕಳ್ಳನಿಗೆ ಮುಟ್ಟೀತೆಂದು ಗಾಜಿನ ವಿಷಯ ಗಂಗಮ್ಮನಿಗೂ ಮಗನಿಗೂ ಹೇಳಲಿಲ್ಲ, ಶೋಭಾಳಿಗೂ ಬಾಯಿ ಬಿಡಬೇಡ ಅಂದಿದ್ದೆ.

ಭಾನುವಾರ ಬೆಳಿಗ್ಗೆ ಮಿನಿ ಬಸ್ಸು, ಟ್ರ್ಯಾಕ್ಟರು ತುಂಬಿ ಬೀದಿ ಖಾಲಿಯಾಯಿತು. ತಿಪ್ಪೇಸ್ವಾಮಿ ತನ್ನ ಬಾಗಿಲಿಗೆ ಬೀಗ ಜಡಿದು ಎರಡು ಸಲ ಎಳೆದು ನೋಡಿದ್ದನ್ನು ಕಿಟಕಿ ಸಂದಿಯಲ್ಲಿ ಕಂಡೆ. ಶೋಭಾ ಕಾಣಲಿಲ್ಲ. ಅವಳು ಹಿಂದಿನ ದಿನವೇ ಮದುವೆಯವರ ಜೊತೆ ಹೋದಳೆಂದು ಅವನೇ ರುದ್ರಮ್ಮನಿಗೆ ಹೇಳಿದ್ದ. ನಾನೂ ಮಹಬೂಬ್ ಸಾಬರೂ ನಡುಮನೆಯ ಕಂಬದ ಮರೆಯಲ್ಲಿ ಕೂತೆವು. ಬಿಸಿಲ ಚೌಕ ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಸೆಕೆ ಅಂದರೆ ಸೆಕೆ. ಸಾಬರು ಬಾಯಿಗೆ ಹಾಕಿದ ಅಡಿಕೆಯನ್ನೂ ಅಗಿಯದೆ ಕೂತಿದ್ದರು.

ಧಾರೆಯ ಹೊತ್ತಿಗೆ ಸರಿಯಾಗಿ ಮೇಲೆ ಹೆಜ್ಜೆ ಕೇಳಿಸಿತು. ಧಪ್, ಧಪ್. ವೈರು ಎಳೆಯುವ ಸದ್ದು. ಸೂರಿನ ಮಣ್ಣು ನನ್ನ ಹೆಗಲ ಮೇಲೆ ಉದುರಿತು. ಬೆಳಕಿಂಡಿಯ ಮೇಲೆ ನೆರಳು ಬಂತು, ನಿಂತಿತು, ದಾಟಿ ಮುಂದೆ ಹೋಯಿತು. ಗಂಗಮ್ಮನ ಮನೆಯ ಕಡೆಗೆ.

“ಹೋದ ಮನೆಗೇ ಮತ್ತೆ ಹೋಗ್ತಾವ್ನಲ್ಲ ಮೇಡಂ” ಎಂದು ಸಾಬರು ಪಿಸುಗುಟ್ಟಿದರು. ಟ್ರಂಕಿನೊಳಗಿನ ಸಣ್ಣ ಪೆಟ್ಟಿಗೆ ಮೊದಲ ಸಲ ಅವನ ಕೈಗೆ ಬಗ್ಗಿರಲಿಲ್ಲ, ಈ ಸಲ ಅದಕ್ಕೇ ಸಾಮಾನು ತಂದಿದ್ದ ಎಂದು ಆಮೇಲೆ ಗೊತ್ತಾಯಿತು. ಹೋಗಲಿ, ಖಾಲಿ ಮನೆ, ಇಳಿದ ಮೇಲೆ ಮುತ್ತಿಗೆ ಹಾಕೋಣ ಅಂದುಕೊಂಡು ನಾವು ಏಳುತ್ತಿದ್ದೆವು.

ಅಷ್ಟರಲ್ಲಿ ಆ ಮನೆಯೊಳಗಿಂದ ಜಾಗಟೆ ಬಾರಿಸಲು ಶುರುವಾಯಿತು. ದೇವರ ಪೂಜೆಗೆ ಬಾರಿಸುವ ಕಂಚಿನ ಜಾಗಟೆ, ಹುಚ್ಚು ಹಿಡಿದ ಹಾಗೆ, ಒಂದೇ ಸಮನೆ.

ಬೀಗ ಹಾಕಿದ ಮನೆಯೊಳಗೆ ಯಾರು? ಕ್ಷಣ ಬೇಕಾಗಲಿಲ್ಲ, ಹೊಳೆಯಿತು. ಶೋಭಾ ಮದುವೆಗೆ ಹೋಗಿಲ್ಲ. ಆಣೆಗೆ ಮುಂಚೆ ಉಳಿದ ಒಡವೆ ತೆಗೆದುಕೊಂಡು ತವರಿಗೆ ಓಡಿಹೋದಾಳೆಂದು ಅವಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಜಡಿದು, ಹಿತ್ತಲ ಬಾಗಿಲಿಗೂ ಹೊರಗೆ ಕೊಂಡಿ ಹಾಕಿ ಹೋಗಿದ್ದಾರೆ. ಆ ಬೀಗ ನೋಡಿಯೇ ಕಳ್ಳನೂ ಮನೆ ಖಾಲಿ ಎಂದು ಧೈರ್ಯವಾಗಿ ಇಳಿದಿದ್ದಾನೆ.

“ಸಾಬ್ರೇ, ಬೀಗ ಒಡೀರಿ!” ಎಂದು ಕೂಗಿ ನಾನು ಹಿತ್ತಲ ಏಣಿಗೆ ಓಡಿದೆ. ಸಾಬರು ರುದ್ರಮ್ಮನ ಹಾರೆ ಎತ್ತಿಕೊಂಡು ಬೀದಿಗೆ ಓಡಿದರು. ಮಾಳಿಗೆ ಮೇಲೆ ಗಂಗಮ್ಮನ ಮನೆಯ ಬೆಳಕಿಂಡಿ ತೆರೆದಿತ್ತು. ಅಡ್ಡ ಇಟ್ಟ ಬಿದಿರ ಗಳುವಿಗೆ ಕಟ್ಟಿದ ಹಗ್ಗ ಒಳಗೆ ಇಳಿಬಿದ್ದಿತ್ತು. ಆ ಹಗ್ಗ ಹಿಡಿದು ನಾನೂ ಇಳಿಯಲು ಹೋದೆ. ಕಾಲು ಹೋಯಿತು, ಸೊಂಟ ಒಪ್ಪಲಿಲ್ಲ. ಇಲಾಖೆಯ ಮಾನ ಉಳಿಸಲು ಹೇಗೋ ಮೇಲೆ ಕಿತ್ತುಕೊಂಡು ಬಂದು, ಬೋರಲು ಮಲಗಿ, ತಲೆ ಒಳಗೆ ಹಾಕಿ ನೋಡಿದೆ.

ಶೋಭಾ ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ನೆಲಕ್ಕೆ ಕಾಲು ಊರಿ ನಿಂತಿದ್ದಳು. ಚಿಲಕ ಹಾಕಿತ್ತು. ಒಳಗಿನಿಂದ ಅವನು ಒದೆಯುತ್ತಿದ್ದ, ಪ್ರತಿ ಒದೆತಕ್ಕೂ ಅವಳ ಮೈ ಅಲುಗುತ್ತಿತ್ತು. ಕೈ ಮಾತ್ರ ಜಾಗಟೆ ಬಾರಿಸುವುದು ಬಿಟ್ಟಿರಲಿಲ್ಲ.

“ಒಳಗವ್ನೆ ಮೇಡಮ್ಮಾರೆ. ಚಿಲ್ಕ ಹಾಕೀನಿ. ಬೇಗ ಬರ್ರಿ.”

ಅವಳು ಬಚ್ಚಲ ಮರೆಯಲ್ಲಿದ್ದಾಗ ಹಗ್ಗ ಇಳಿದದ್ದು ಕಂಡಿದ್ದಳು. ಕೂಗಲಿಲ್ಲ. ಅವನು ಟ್ರಂಕಿನ ಕೋಣೆಗೆ ಹೋಗುವವರೆಗೂ ಉಸಿರು ಬಿಗಿಹಿಡಿದು ಕಾದು, ಹೊರಗಿನಿಂದ ಚಿಲಕ ಜಡಿದುಬಿಟ್ಟಳು. ಆ ಕೋಣೆಗೆ ಕಿಟಕಿಯೂ ಇಲ್ಲ, ಬೆಳಕಿಂಡಿಯೂ ಇಲ್ಲ. ಸೇವೆಯಲ್ಲಿ ಎಷ್ಟೋ ಗಟ್ಟಿಗರನ್ನು ನೋಡಿದ್ದೇನೆ, ಇವಳಂಥವಳನ್ನು ನೋಡಿಲ್ಲ.

ಚಿಲಕದ ಮೊಳೆ ಸಡಿಲಾಗುವುದಕ್ಕೂ ಸಾಬರು ಮುಂಬಾಗಿಲು ಒಡೆದು ನುಗ್ಗುವುದಕ್ಕೂ ಸರಿಹೋಯಿತು. ಊರ ಹೊರಗೆ ನಿಲ್ಲಿಸಿದ್ದ ನಮ್ಮ ಪೇದೆಯೂ ಜಾಗಟೆ ಕೇಳಿ ಓಡಿಬಂದ. ಆಸಾಮಿ ಸಿಕ್ಕಿಬಿದ್ದ. ತಿಪ್ಪೇಸ್ವಾಮಿಯ ಹೊಸ ಕ್ಯಾಮೆರಾದಲ್ಲಿ ಬಾಗಿಲು ಒಡೆದು ನುಗ್ಗಿದ ದೃಶ್ಯ ಸ್ಪಷ್ಟವಾಗಿ ದಾಖಲಾಗಿತ್ತು, ಅದರಲ್ಲಿ ಕಾಣುವವರು ಹಾರೆ ಹಿಡಿದ ನಮ್ಮ ಮಹಬೂಬ್ ಸಾಬರು! ಅವಲಕ್ಕಿ ಸರ, ಓಲೆ ಎರಡೂ ಅವನ ಬಾಡಿಗೆ ಕೋಣೆಯ ದೀಪದ ಸರಗಳ ಡಬ್ಬದಲ್ಲಿ ಸಿಕ್ಕವು, ಉಳಿದೆರಡು ಮನೆಗಳ ಒಡವೆಯೂ ಅಲ್ಲೇ. ಗಾಜಿನ ಮಸಿಯ ಮೇಲಿದ್ದ ಬೆರಳ ಗುರುತೂ ಅವನದೇ ಎಂದು ಬೆರಳಚ್ಚು ವಿಭಾಗದವರು ಹೇಳಿದರು.

ಸುದ್ದಿ ಮುಟ್ಟಿ ಮದುವೆ ಊಟ ಬಿಟ್ಟು ಓಡಿಬಂದ ಗಂಗಮ್ಮ, ಒಡೆದ ಬಾಗಿಲು, ನೇತಾಡುವ ಹಗ್ಗ, ಶೋಭಾಳ ಊದಿದ ಭುಜ ಎಲ್ಲ ನೋಡಿ ಅಲ್ಲೇ ಕಂಬ ಹಿಡಿದು ನಿಂತಳು. ತಿಪ್ಪೇಸ್ವಾಮಿ ತಲೆ ಎತ್ತಲಿಲ್ಲ. ಗಂಗಮ್ಮ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಸೊಸೆಯ ಮುಂದೆ ಹಿಡಿದಳು. “ತಗಳವ್ವ. ನಂದು ತಪ್ಪಾತು.”

ಸೊಸೆ ಬೈಯುವುದೆಲ್ಲ ಬೈಯಲೆಂದು ನಾನೂ ಕಾದಿದ್ದೆ. ಶೋಭಾ ಗೊಂಚಲಿಗೆ ಕೈ ಚಾಚಲಿಲ್ಲ.

“ಬೀಗದ ಕೈ ನಿಮ್ಮ ಹತ್ರನೇ ಇರ್ಲಿ ಅತ್ತೆ” ಅಂದಳು. “ನಾನು ಒಳಗಿದ್ದಾಗ ಹೊರಗ್ಲಿಂದ ಬೀಗ ಹಾಕಬ್ಯಾಡ್ರಿ. ಅಷ್ಟು ಸಾಕು ನಂಗೆ.”

ಈಗ ನಿವೃತ್ತಳಾಗಿ ಚಿತ್ರದುರ್ಗದಲ್ಲಿದ್ದೇನೆ. ಸ್ತ್ರೀಶಕ್ತಿ ಸಂಘದವರು ಆಗಾಗ ಮನೆ ರಕ್ಷಣೆಯ ಬಗ್ಗೆ ಮಾತಾಡಲು ಕರೆಯುತ್ತಾರೆ. ಬೆಳಕಿಂಡಿಗೆ ಸರಳು ಹಾಕಿಸಿ, ಮಾಳಿಗೆ ಮೇಲೆ ಸದ್ದಾದರೆ ಹೊರಗೆ ಬಂದು ಮುಖ ನೋಡಿ, ಊರಿಗೆ ಹೋಗುವಾಗ ಪಕ್ಕದ ಮನೆಗೆ ಹೇಳಿಹೋಗಿ, ಎಂದು ಎಲ್ಲ ಹೇಳುತ್ತೇನೆ. ಕೊನೆಗೆ ಈ ಕೆಲಸ ನನಗೆ ಕಲಿಸಿದ ಮಾತೊಂದನ್ನು ಹೇಳುತ್ತೇನೆ. ಬೀಗ ಹಾಕುವ ಮುಂಚೆ ಮನೆಯೊಳಗೆ ಯಾರಿದ್ದಾರೆ ಎಂದು ಒಂದು ಸಲ ನೋಡಿ. ಕಳ್ಳ ಬಂದ ದಿನ ಆ ಮನೆ ಕಾಯ್ದವಳು ಮನೆಯವರೇ ಒಳಗೆ ಕೂಡಿಹಾಕಿದ್ದ ಹೆಣ್ಣುಮಗಳು.