ವಿಯೆನ್ನಾದ ಕೆಟಲು

ಯೂರೋಪು ಹೇಗಿತ್ತು ಅಂತ ಈಗಲೂ ಯಾರಾದರೂ ಕೇಳಿದರೆ ನನಗೆ ಚರ್ಚುಗಳ ಗೋಪುರ ನೆನಪಾಗುವುದಿಲ್ಲ. ಕೆಟಲಿನ ತಳ ಹಿಡಿದ ಉಪ್ಪಿಟ್ಟಿನ ಕಮಟು ವಾಸನೆ ಮೂಗಿಗೆ ಬರುತ್ತದೆ.

ಮಗಳು ಕಾಲೇಜಿಗೆ ಹೋದ ಮೇಲೆ ಅಮೆರಿಕಾದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೇ ಉಳಿದೆವು. "ಅವಸರದಲ್ಲಿ ಓಡೋದು ಬೇಡ. ಒಂದೊಂದು ಊರಲ್ಲಿ ಒಂದೊಂದು ವಾರ, ನಿಧಾನವಾಗಿ ನೋಡೋಣ," ಅಂದರು ನನ್ನ ಯಜಮಾನರು. ಲಿಸ್ಬನ್, ಬೊಲೋನ್ಯ, ವಿಯೆನ್ನಾ. ನನಗೆ ಬೇಕಾಗಿದ್ದದ್ದು ಒಂದೇ. ಯಾವುದಾದರೂ ಊರಿನ ಚೌಕದಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತು, ಬೇರೆಯವರ ಕೈಯಲ್ಲಿ ಬಡಿಸಿಕೊಂಡು ಒಂದು ಊಟ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ರಟ್ಟಿನ ತಟ್ಟೆ ಇಟ್ಟು ನಮಗೆ ಫೋರ್ಕು, ನೈಫು ಹಿಡಿಯೋದು ಕಲಿಸಿದ್ದರು. ನ್ಯಾಪ್‌ಕಿನ್ ತೊಡೆಯ ಮೇಲೆ. ಊಟ ಮುಗಿದರೆ ಎರಡನ್ನೂ ಪಕ್ಕಪಕ್ಕ ಮಲಗಿಸಬೇಕು, ಸದ್ದಾಗಬಾರದು. ಆ ವಿದ್ಯೆಗೆ ಅಮೆರಿಕಾದಲ್ಲೂ ಕೆಲಸ ಸಿಕ್ಕಿಲ್ಲ. ಇಲ್ಲಿ ಬರೀ ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್, ಗುಳಿಗುಳಿಯ ಪೇಪರ್ ಪ್ಲೇಟು, ಚಪಾತಿಗೂ ಮುರಿಯುವ ಪ್ಲಾಸ್ಟಿಕ್ ಫೋರ್ಕು.

ಲಿಸ್ಬನ್ನಿನ ಮೊದಲ ಸಂಜೆಯೇ ನಮ್ಮವರು ಸೂಟ್‌ಕೇಸು ಬಿಚ್ಚಿ ಉಪ್ಪಿಟ್ಟು, ಪೊಂಗಲ್, ಬಿಸಿಬೇಳೆಭಾತಿನ ರೆಡಿಮಿಕ್ಸ್ ಪೊಟ್ಟಣಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿದರು.

"ಹೊರಗೆ ತಿನ್ನಲ್ವಾ?" ಅಂದೆ.

"ಯಾವ ಸೌಟನ್ನ ಯಾವುದಕ್ಕೆ ಅದ್ದಿರ್ತಾರೋ! ಅಂಗಡೀಲಿ ಹಂದಿ ಕಾಲು ನೇತು ಹಾಕಿದ್ದು ನೋಡಿದೆ ತಾನೆ?"

ನೋಡಿದ್ದೆ, ಗೊರಸಿನ ಸಮೇತ. ನಾನೂ ಮೂಗು ಮುಚ್ಚಿಕೊಂಡೇ ದಾಟಿದ್ದೆ. ಆದರೆ ಪಕ್ಕದ ಅಂಗಡಿಯ ಮುಂದೆ ಒಬ್ಬ ಅಜ್ಜಿ ಬಿಸಿ ಬ್ರೆಡ್ಡನ್ನು ಮುರಿದು ಮುರಿದು ಬೆಣ್ಣೆ ಹಚ್ಚುತ್ತಾ ಕೂತಿದ್ದನ್ನೂ ನೋಡಿದ್ದೆ.

ಹೀಗೆ ರೂಮಿನ ಕೆಟಲಿನಲ್ಲೇ ಅಡುಗೆ ಶುರುವಾಯಿತು. ಕುದಿಯುವ ನೀರನ್ನು ಪುಡಿಗೆ ಸುರಿದರೆ ಸಾಲದಂತೆ, ಪುಡಿಯೇ ಕೆಟಲಿಗೆ ಬೀಳಬೇಕಂತೆ, ಆಗಲೇ ಬೇಯೋದಂತೆ. ಉಕ್ಕಿ ಮೂತಿಯಿಂದ ಹಳದಿ ನೊರೆ ಇಳಿಯುತ್ತಿತ್ತು. ಕರಿಬೇವು ಜಾಲರಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಬಾತ್‌ರೂಮಿನ ಸಿಂಕಿನಲ್ಲಿ, ಹಲ್ಲುಜ್ಜಿ ಉಗಿಯುವ ಜಾಗದಲ್ಲೇ, ಹೋಟೆಲಿನವರ ಪುಟ್ಟ ಸೋಪು ಹಚ್ಚಿ ಅದನ್ನು ಉಜ್ಜುತ್ತಿದ್ದೆ. ಆದರೂ ಬೆಳಗಿನ ಟೀ ಮೇಲೆ ಹಿಂದಿನ ದಿನದ ತುಪ್ಪ ಕಣ್ಣುಕಣ್ಣಾಗಿ ತೇಲುತ್ತಿತ್ತು.

ಬೊಲೋನ್ಯದಲ್ಲಿ ರೂಮಿನ ಕಿಟಕಿಯ ಕೆಳಗೇ ಚೌಕ. ಅಲ್ಲಿಂದ ತಟ್ಟೆಗಳ ಸದ್ದು, ನಗು, ಟೊಮೇಟೊ ಬೇಯುವ ಪರಿಮಳ ಮೇಲೆ ಬರುತ್ತಿದ್ದವು. ಇವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಟವೆಲಿನ ಮೇಲೆ ಕೆಟಲಿಟ್ಟುಕೊಂಡು, ಬೆರಳು ಚೀಪುತ್ತಾ, "ಇದಪ್ಪಾ ಸ್ಲೋ ಟ್ರಾವೆಲ್," ಅಂದರು. ಉಪ್ಪಿನಕಾಯಿಯ ಎಣ್ಣೆ ಬಿಳಿ ಹೊದಿಕೆಗೆ ತೊಟ್ಟಿಕ್ಕಿತು. ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ, ಇನ್ನಷ್ಟು ಹರಡಿತು. ರೂಮು ಕ್ಲೀನ್ ಮಾಡುವ ಹೆಂಗಸು ಎದುರಾದರೆ ಅವಳ ಮುಖ ನೋಡದೆ ಮೆಟ್ಟಿಲಿಳಿಯುತ್ತಿದ್ದೆ.

"ವಿಯೆನ್ನಾದಲ್ಲಿ ಕೊನೇ ದಿನ ಹೊರಗೆ ಊಟ. ಪ್ರಾಮಿಸ್," ಅಂದರು.

ವಿಯೆನ್ನಾದ ಹೋಟೆಲನ್ನು ಹೇಳಿದವರು ನಮ್ಮ ಹತ್ತಿರದ ಊರು ಓಲ್ಡ್ ಬ್ರಿಡ್ಜಿನಲ್ಲಿರುವ ನಮ್ಮ ಸ್ನೇಹಿತರು, ಧಾರವಾಡದ ಗಂಡ ಹೆಂಡತಿ. ನಮಗಿಂತ ಸ್ವಲ್ಪ ಮೊದಲು ಅವರು ಹೋಗಿಬಂದಿದ್ದರು. ಅವರು ಹೇಳಿದಂತೆ ಮೇಲಿನ ಮೂಲೆಯ ರೂಮನ್ನೇ ಕೇಳಿ ಪಡೆದೆವು. ಅಲ್ಲಿಯ ಕೆಟಲಿನ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಯಾರೋ ಅದಕ್ಕೆ ನೀಲಿ ರಬ್ಬರ್ ಬ್ಯಾಂಡ್ ಸುತ್ತಿದ್ದರು, ನಮ್ಮಲ್ಲಿ ಬ್ರಾಕಲಿ ಕಟ್ಟಿಗೆ ಹಾಕಿರುತ್ತಾರಲ್ಲ, ಅಂಥದ್ದು. ಒಳಗೆ ಸುತ್ತಲೂ ಒಂದು ಬೂದು ಗೆರೆ. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಗಡಸು ನೀರು ಕಣೇ," ಅಂದರು ಇವರು.

ಕೊನೆಯ ದಿನ ನಾನು ರೇಷ್ಮೆ ಕುರ್ತಾ ಹಾಕಿಕೊಂಡು ಹೊರಟೆ. ಚೌಕದಲ್ಲಿ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಮಡಿಸಿಟ್ಟ ನ್ಯಾಪ್‌ಕಿನ್. ಇವರು ಬಾಗಿಲಲ್ಲೇ ನಿಂತು ವೇಟರನ್ನು ವಿಚಾರಿಸಿದರು. ಸೂಪಿಗೆ ಮಾಂಸದ ನೀರು ಹಾಕ್ತೀರಾ? ಆಲೂಗಡ್ಡೆ ಹೆಚ್ಚುವ ಚಾಕು ಬೇರೆಯೇ? ಪಾಪ, ಆತ ಒಳಗೆ ಹೋಗಿ ಕೇಳಿಕೊಂಡೇ ಬಂದ. ಸೂಪು ಬರೀ ತರಕಾರಿಯದು, ಚಾಕು ಮಾತ್ರ ಗೊತ್ತಿಲ್ಲ ಅಂದ. ಇವರು ನನ್ನ ಮೊಣಕೈ ಹಿಡಿದೆಳೆದು, "ಬೇಡ ಬಾ, ರೂಮಲ್ಲಿ ಇನ್ನೂ ಒಂದು ಪೊಂಗಲ್ ಉಳಿದಿದೆ," ಅಂದರು.

ನ್ಯಾಪ್‌ಕಿನ್ನಿನ ಅಂಚಿಗೆ ಬೆರಳು ತಗುಲಿಸಿದ್ದೆ. ಅಷ್ಟೇ.

ವಾಪಸು ಬಂದ ಮೇಲೆ ನಮ್ಮ ಮನೆಯಲ್ಲಿ ಪಾಟ್‌ಲಕ್. ಓಲ್ಡ್ ಬ್ರಿಡ್ಜಿನವರೂ ಬಂದಿದ್ದರು. ಇವರು ಪೂರಿ ಮುರಿಯುತ್ತಾ ಹೇಳುತ್ತಿದ್ದರು, "ಒಂದು ಹೊತ್ತೂ ಹೊರಗೆ ಮುಟ್ಟಲಿಲ್ಲ ನೋಡಿ. ಎಲ್ಲಾ ಕೆಟಲಲ್ಲೇ. ಪ್ಯೂರ್!"

ಧಾರವಾಡದವರು ಹೋ ಅಂತ ನಕ್ಕರು. "ನಾವೂ ಕೆಟಲ್ ಬಿಟ್ಟಿಲ್ರೀ! ನನಗ ದಿನಾ ಮುಂಜಾನೆ ಎರಡು ತತ್ತಿ ಬೇಕಲ್ರೀ, ಅದರಾಗ ಕುದಿಸಿದ್ದು ಕುದಿಸಿದ್ದ. ಒಂದು ಒಳಗ ಒಡದು, ಉಕ್ಕಿ, ಮುಚ್ಚಳಾನ ಕಿತ್ತು ಬಂತು."

ಅವರ ಹೆಂಡತಿ ನನ್ನ ಕಡೆ ತಿರುಗಿದರು. "ವೈನಿ, ಚುರುಮುರಿ ಪಾಕೀಟಿಗೆ ಕಟ್ಟಿದ್ದ ನೀಲಿ ರಬ್ಬರ್ ಬ್ಯಾಂಡ್ ಹಾಕಿ ಬಂದಿದ್ದೆ ನಾ. ಇನ್ನೂ ಇತ್ತೇನ್ರೀ?"

"ಇತ್ತು," ಅಂದೆ.

ಇವರ ಕೈಯಲ್ಲಿ ಪೂರಿ ಅಲ್ಲೇ ನಿಂತಿತು. ಎದ್ದು ಬಾತ್‌ರೂಮಿಗೆ ಹೋದರು. ಗಳಗಳ ಬಾಯಿ ಮುಕ್ಕಳಿಸುವ ಸದ್ದು ಲಿವಿಂಗ್ ರೂಮಿನವರೆಗೂ ಕೇಳಿಸಿತು. ನನಗೂ ಆ ಬೂದು ಗೆರೆ ಕಣ್ಣ ಮುಂದೆ ಬಂತು, ಗಡಸು ನೀರಿನದಲ್ಲ, ಮೊಟ್ಟೆಯದು. ವಾರವಿಡೀ ಅದರಲ್ಲೇ ಕಾಯಿಸಿದ ಟೀ ಕುಡಿದಿದ್ದೆ. ಎಂದೋ ಕುಡಿದದ್ದಕ್ಕೆ ಈಗ ಮುಕ್ಕಳಿಸುತ್ತಿರುವವರನ್ನು ನೆನೆದು ಇನ್ನೂ ಹೇಸಿಗೆಯಾಯಿತು.

ಆಮೇಲೆ ಮುಖ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಅಂದರು, "ಮುಂದಿನ ಸಲ ನಮ್ಮದೇ ಕೆಟಲ್ ತಗೊಂಡು ಹೋಗೋಣ."

ಅವರ ಗಲ್ಲದ ಮೇಲೆ ಇನ್ನೂ ನೀರಿತ್ತು.

"ತಗೊಂಡು ಹೋಗಿ. ನೀವೇ ಕುದಿಸಿ, ನೀವೇ ತಿನ್ನಿ, ತೊಳೆಯೋದೂ ನೀವೇ. ನಾನು ಕೆಳಗೆ ಚೌಕದ ಮೇಜಿನ ಹತ್ತಿರ ಕೂತಿರ್ತೀನಿ."

"ಒಬ್ಬಳೇನಾ?"

"ಒಬ್ಬಳೇ."

ಕೈಯಲ್ಲಿದ್ದ ಪೇಪರ್ ಪ್ಲೇಟನ್ನು ಮಡಚಿ ಕಸಕ್ಕೆ ಹಾಕಿದೆ.